ಒಳಕ್ಕೆ ಓಡಿದವನು

ನನ್ನ ವಯಸ್ಸು ಆಗ ಹನ್ನೊಂದು. ಹಾಗಂತ ಹೇಳಿದವನು ಒಬ್ಬ ದನದ ದಲ್ಲಾಳಿ. ರಾಮನಗರದ ರೈಲ್ವೆ ಸ್ಟೇಷನ್ನಿನಲ್ಲಿ ಕೂತು ಕಡಲೆಕಾಯಿ ತಿನ್ನುತ್ತಿದ್ದ. ನಾನು ಹೋಗಿ ಕೈ ಚಾಚಿದೆ. ಅವನು ನನ್ನ ಗಲ್ಲ ಹಿಡಿದು ಬಾಯಿ ತೆರೆಸಿ, ಎತ್ತಿನ ಹಲ್ಲು ನೋಡುವ ಹಾಗೆ ಒಳಗೆಲ್ಲ ಇಣುಕಿ, "ಅನ್ನೊಂದು ತುಂಬೈತೆ. ಗೇಯಾಕಾಯ್ತದೆ" ಅಂದ. ಕಡಲೆಕಾಯಿ ಕೊಡಲಿಲ್ಲ. ವಯಸ್ಸಾದರೂ ಸಿಕ್ಕಿತಲ್ಲ ಅಂತ ಅದನ್ನೇ ಇಟ್ಟುಕೊಂಡೆ. ಇವತ್ತಿಗೂ ಅದರ ಮೇಲೆ ಒಂದೊಂದೇ ಕೂಡಿಸುತ್ತ ಬಂದಿದ್ದೇನೆ. ಹುಟ್ಟಿದ ಹಬ್ಬ ಯಾವಾಗ ಅಂತ ಯಾರಾದರೂ ಕೇಳಿದರೆ ಕಡಲೆಕಾಯಿ ಕಾಲದಲ್ಲಿ ಅನ್ನುತ್ತೇನೆ.

ಸ್ಟೇಷನ್ನಿನಲ್ಲಿ ನಾವು ಮೂವರು ಒಟ್ಟಿಗಿದ್ದೆವು. ಒಬ್ಬ ಕುಂಟ. ಕುಂಟ ಅಂದರೆ ಕುಂಟನಲ್ಲ. ಮೈಸೂರಿಗೆ ಹೋಗುವ ಪ್ಯಾಸೆಂಜರಿನಲ್ಲಿ ಬಲಗಾಲು ಎಳೆಯುತ್ತಿದ್ದ, ಬೆಂಗಳೂರಿಗೆ ಹೋಗುವುದರಲ್ಲಿ ಎಡಗಾಲು. ಮರೆತು ಅದಲು ಬದಲಾದರೆ ದಿನವೂ ಓಡಾಡುವ ಜನ "ಯಾಕ್ಲಾ, ರೋಗ ಆ ಕಡೀಕ್ ಓಯ್ತಾ?" ಅಂತ ಛೇಡಿಸುತ್ತಿದ್ದರು. ಇನ್ನೊಬ್ಬಳು ಉದ್ದನೆಯ ಹುಡುಗಿ. ನಮ್ಮಿಬ್ಬರಿಗಿಂತ ಒಂದು ಗೇಣು ಎತ್ತರ, ಮೂರು ಗೇಣು ನಾಲಗೆ. ಬೆಳಗ್ಗೆ ಗೂಡಿನ ಮಾರ್ಕೆಟ್ಟಿನಲ್ಲಿ ರೈತರು ಚೀಲದಿಂದ ರೇಷ್ಮೆ ಗೂಡು ಸುರಿಯುವಾಗ ನೆಲಕ್ಕೆ ಉದುರಿದ್ದನ್ನು ಆರಿಸುವುದು ಅವಳ ಕಸುಬು. ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ಹುಳ ಸತ್ತಿದೆಯೋ ಬದುಕಿದೆಯೋ ಹೇಳುತ್ತಿದ್ದಳು. ನಮ್ಮ ಕಿವಿಗೂ ಹಿಡಿಯುತ್ತಿದ್ದಳು. ನಮಗೆ ಎರಡೂ ಒಂದೇ ಥರ ಕೇಳಿಸುತ್ತಿತ್ತು. "ನಿಮ್ ತಲೆ ಅಲ್ಲಾಡ್ಸಿದ್ರೂ ಇಂಗೇ ಸದ್ದು ಬತ್ತದೆ, ಸತ್ತಿರೋ ಉಳದ್ದು" ಅನ್ನುತ್ತಿದ್ದಳು.

ಮೂರನೆಯವನು ನಾನು. ನನ್ನದು ಬಾಯಿ. ಒಮ್ಮೆ ಕೇಳಿದ ದನಿ ನನ್ನ ಗಂಟಲಲ್ಲಿ ಬಾಡಿಗೆಗೆ ಬಂದು ಕೂರುತ್ತಿತ್ತು. ಮಾರ್ಕೆಟ್ಟಿನಲ್ಲಿ ಹರಾಜು ಕೂಗುವವನು, ಸ್ಟೇಷನ್ನಿನ ಮೈಕಿನ ಹೆಂಗಸು, ಹಾಲಿನ ವ್ಯಾನಿನ ಹಾರನ್ನು, ಕಫ ಕ್ಯಾಕರಿಸುವ ಟೀ ಅಂಗಡಿಯವನು, ಎಲ್ಲರೂ ಅಲ್ಲಿದ್ದರು. ಬಸ್ ಸ್ಟ್ಯಾಂಡಿಗೆ ಹೋಗಿ ಕಂಡಕ್ಟರನ ದನಿಯಲ್ಲಿ "ಮಾಗಡೀ ಮಾಗಡೀ ಮಾಗಡೀ" ಅಂತ ಕನಕಪುರದ ಬಸ್ಸಿನ ಪಕ್ಕ ನಿಂತು ಕೂಗಿದರೆ ಮೂಟೆ, ಮಗು, ಕೋಳಿ ಸಮೇತ ಅರ್ಧ ಬಸ್ ಸ್ಟ್ಯಾಂಡು ಆ ಬಸ್ಸಿಗೆ ಹತ್ತುತ್ತಿತ್ತು. ಆಮೇಲೆ ಅವರು ಇಳಿಯುತ್ತ ಬೈಯುವ ಬೈಗುಳಗಳನ್ನೂ ನಾನು ಕಲಿತು ಇಟ್ಟುಕೊಳ್ಳುತ್ತಿದ್ದೆ. ಇವತ್ತು ಮದುವೆ ಮನೆಗಳ ಆರ್ಕೆಸ್ಟ್ರಾದಲ್ಲಿ ಎರಡು ಹಾಡುಗಳ ನಡುವೆ ಮಿಮಿಕ್ರಿ ಮಾಡಿ ಹೊಟ್ಟೆ ಹೊರೆಯುವ ನನಗೆ ಬಂಡವಾಳ ಅಲ್ಲಿಂದಲೇ ಬಂದದ್ದು.

ಒಂದು ಸಲ ಬೆಂಗಳೂರಿನಿಂದ ಒಬ್ಬರು ಮೇಡಮ್ಮು ಬಂದರು. ಹೆಗಲಿಗೆ ಬಟ್ಟೆಯ ಚೀಲ, ಮುಖದಲ್ಲಿ ಇಡೀ ಪ್ಲಾಟ್‌ಫಾರಂ ಮೇಲೆ ಕನಿಕರ. ನಮ್ಮನ್ನು ಬೆಂಚಿನ ಮೇಲೆ ಕೂರಿಸಿ ತಾವು ಕೆಳಗೆ ಕೂತರು. ಅದು ನಮಗೆ ಬಹಳ ನಗು ತರಿಸಿತು.

"ನಿಮಗೆ ಏನೇನು ಚೆನ್ನಾಗಿ ಮಾಡೋಕೆ ಬರುತ್ತೆ, ಹೇಳಿ ಮಕ್ಕಳೇ."

"ಎರಡ್ ಕಾಲಲ್ಲೂ ಕುಂಟ್ತೀನಿ" ಅಂದ ಕುಂಟ.

"ನಿಮಗೆ ನಿಮ್ಮೋರು ಅಂತ ಯಾರಿದ್ದಾರೆ?"

ಕುಂಟ ಸ್ವಲ್ಪ ಯೋಚಿಸಿ, ಹಳಿಯ ಆಚೆ ಮಲಗಿದ್ದ ನಾಯಿಯನ್ನು ತೋರಿಸಿದ. "ಅದೇಯ. ಆದ್ರೆ ಅದು ಇನ್ನೂ ಒಪ್ಕಂಡಿಲ್ಲ."

ನನ್ನ ಸರದಿ ಬಂದಾಗ ನಾನು ಆ ಮೇಡಮ್ಮಿನ ದನಿಯಲ್ಲೇ, ಅವರ ಹಾಗೇ ತಲೆ ವಾರೆ ಮಾಡಿ, "ನಿಮಗೆ ನಿಮ್ಮೋರು ಅಂತ ಯಾರಿದ್ದಾರೆ ಮೇಡಂ?" ಅಂತ ಕೇಳಿದೆ. ಕುಂಟ ಬೆಂಚಿನಿಂದ ಉರುಳಿಬಿದ್ದ. ಮೇಡಮ್ಮು ನಕ್ಕರು, ಆಮೇಲೆ ಅವರ ಕಣ್ಣಿಗೆ ಏನೋ ಆಯಿತು, ಬಿಸ್ಕತ್ತಿನ ಪೊಟ್ಟಣ ಇಟ್ಟು ಹೊರಟರು. ಉದ್ದನೆಯವಳು ಪೊಟ್ಟಣ ತಗೊಂಡು ನಮಗೆ ಬೆನ್ನು ಮಾಡಿ ಕೂತು ತಿಂದಳು.

ನಮಗೆ ಮನೆ ಇರಲಿಲ್ಲ ಅನ್ನುವುದನ್ನು ಬಿಟ್ಟರೆ ಜಂಬಕ್ಕೇನೂ ಕಮ್ಮಿ ಇರಲಿಲ್ಲ. ಇಸ್ಕೂಲಿಗೆ ಹೋಗುವ ಮಕ್ಕಳನ್ನು ನೋಡಿದರೆ ನಿಜಕ್ಕೂ ಅಯ್ಯೋ ಅನ್ನಿಸುತ್ತಿತ್ತು. ಅವರಿಗೆ ಟಿಕೆಟ್ಟಿಲ್ಲದೆ ಚನ್ನಪಟ್ಟಣದವರೆಗೂ ಹೋಗಲು ಬರುವುದಿಲ್ಲ, ಒದೆ ಬೀಳುವ ಮುಂಚೆ ಅದರ ಗಾಳಿ ಗೊತ್ತಾಗುವುದಿಲ್ಲ, ಎಂಥ ದಂಡಪಿಂಡಗಳು ಅನ್ನಿಸುತ್ತಿತ್ತು. ನನಗಂತೂ ಒಂದು ನಂಬಿಕೆ ಗಟ್ಟಿಯಾಗಿ ಕೂತಿತ್ತು: ಇಂಥ ಬಾಯಿ ಇರುವವನನ್ನು ಯಾವತ್ತಾದರೂ ಯಾರಾದರೂ ಕಂಡು, ಇವನು ನಮಗೆ ಬೇಕು ಅಂತ ಕರೆದುಕೊಂಡು ಹೋಗಿಯೇ ಹೋಗುತ್ತಾರೆ. ಕುಂಟನಿಗೆ ಇದನ್ನು ಹೇಳಿದರೆ, "ಕರ್ಕೊಂಡೋದೋರು ವಾಪಸ್ ತಂದ್ ಬುಡ್ತಾರೆ, ರಾತ್ರಿ ಗೊರಕೆನೂ ಬೇರೇವ್ರ್ ದನೀಲೇ ಒಡೀತೀಯ" ಅಂದ.

ಆದರೆ ಬಂದೇಬಿಟ್ಟ ಒಬ್ಬ.

ಅವನು ರೀಲರು. ಅಂದರೆ ಮಾರ್ಕೆಟ್ಟಿನಲ್ಲಿ ಗೂಡು ಕೊಂಡು, ಮನೆಯ ಹಿಂದಿನ ಶೆಡ್ಡಿನಲ್ಲಿ ಬೇಯಿಸಿ, ನೂಲು ತೆಗೆಸುವವನು. ಸಾತನೂರು ಕಡೆಯ ಜಮೀನುದಾರರ ಮನೆಯವನು. ಮೂಗಿನಲ್ಲಿ ಮಾತಾಡುತ್ತಿದ್ದ, ಹರಾಜಿನಲ್ಲಿ ಕೂಗುವಾಗಲೆಲ್ಲ ಕಿರುಬೆರಳನ್ನು ಕಿವಿಗೆ ಹಾಕಿ ತಿರುಗಿಸುತ್ತಿದ್ದ. ಮಾತಿನ ಕೊನೆಗೆ ಒಂದು "ಅಲ್ವಾ ಮತ್ತೆ". ನನ್ನಂಥವನಿಗೆ ಹಬ್ಬದೂಟ. ಒಂದು ಬೆಳಗ್ಗೆ ಟೀ ಅಂಗಡಿಯ ಮುಂದೆ ಅವನನ್ನು ಮಾಡಿ ತೋರಿಸುತ್ತಿದ್ದೆ. ಜನ ನಗುತ್ತಿದ್ದವರು ತಟ್ಟನೆ ಸುಮ್ಮನಾದರು. ತಿರುಗಿದರೆ ಅವನೇ ನಿಂತಿದ್ದ. ನನ್ನ ಕಿರುಬೆರಳು ಇನ್ನೂ ಕಿವಿಯಲ್ಲೇ ಇತ್ತು.

ಅವನು ಹೊಡೆಯಲಿಲ್ಲ, ನಕ್ಕ. ನನ್ನ ಎರಡೂ ಕೈ ಹಿಡಿದು ಅಂಗೈ ಮೇಲೆ ಮಾಡಿ ನೋಡಿದ, ಬೆರಳುಗಳನ್ನು ಒಂದೊಂದಾಗಿ ಅದುಮಿ ನೋಡಿದ.

"ಅಪ್ಪ ಅವ್ವ ಅವ್ರೇನ್ಲಾ?"

"ಇಲ್ಲ ಯಜಮಾನ್ರೆ."

"ನಾಳೆ ದಿನ ನಮ್ಮುಡ್ಗ ಎಲ್ಲಿ ಅಂತ ಕೇಳ್ಕಂಡ್ ಬರೋರು?"

"ಯಾರೂ ಇಲ್ಲ."

"ಮನೆಗ್ ಬತ್ತೀಯಾ? ಊಟ ಐತೆ, ಮನಿಕ್ಕೊಳಾಕೆ ಜಾಗ ಐತೆ. ಅಲ್ವಾ ಮತ್ತೆ."

ಆ ಕಾಲದಲ್ಲಿ ಬಿಡದಿ ಕಡೆ ಒಂದರ ಹಿಂದೆ ಒಂದು ಕಾರ್ಖಾನೆ ಏಳುತ್ತಿತ್ತು. ಶೆಡ್ಡುಗಳಲ್ಲಿ ಬಿಸಿನೀರಿಗೆ ಕೈ ಹಾಕಿ ಕೂರುತ್ತಿದ್ದ ಗಂಡಸರು ಹೆಂಗಸರೆಲ್ಲ ಒಣಗಿದ ಕೈಯ ಕೆಲಸ ಸಿಕ್ಕಿತು ಅಂತ ಬೆಳಗಿನ ಬಸ್ಸು ಹತ್ತಿಬಿಟ್ಟಿದ್ದರು. ರೀಲರುಗಳಿಗೆ ಕೈಗಳು ಬೇಕಾಗಿದ್ದವು. ಇದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಊರಿಗೆಲ್ಲ ಗೊತ್ತಿತ್ತು. ನನ್ನ ವಿಷಯ ಬೇರೆ ಅಂತ ನಾನು ಅಂದುಕೊಂಡಿದ್ದೆ, ಅಷ್ಟೇ.

"ನನ್ ಮಿಮಿಕ್ರಿ ನೋಡಿ ಮೆಚ್ಕಂಡ್ಬುಟ್ಟ" ಅಂತ ಗೆಳೆಯರಿಗೆ ಹೇಳಿದೆ.

ಉದ್ದನೆಯವಳು ಕಿವಿಗೆ ಹಿಡಿದಿದ್ದ ಗೂಡನ್ನು ಇಳಿಸಲಿಲ್ಲ. "ಬಾಯಿ ಮೆಚ್ಕಂಡೋನು ಕೈ ಯಾಕ್ಲಾ ನೋಡ್ದ?"

"ನಿಂಗೊಟ್ಟೆಕಿಚ್ಚು."

"ಊಂ ಕಣಪ್ಪ. ಬೇಯಾಕ್ ಓಯ್ತಾವ್ನೆ ನನ್ ಮಗ, ನಂಗೊಟ್ಟೆಕಿಚ್ಚು."

ಶೆಡ್ಡಿನಲ್ಲಿ ಒಲೆಗಳ ಮೇಲೆ ಸಾಲಾಗಿ ಬಿಸಿನೀರಿನ ಬೇಸಿನ್ನುಗಳಿದ್ದವು. ಗೂಡು ಅದರಲ್ಲಿ ಕುದಿದು ಮೆತ್ತಗಾದಾಗ ಬೆರಳಿನಿಂದ ಅದರ ಎಳೆಯ ತುದಿ ಹುಡುಕಿ, ನಾಲ್ಕಾರು ಎಳೆ ಸೇರಿಸಿ, ರಾಟೆಗೆ ಕೊಡಬೇಕು. ಎಳೆ ಕಡಿದರೆ ಮತ್ತೆ ನೀರಿಗೆ ಕೈ. ಸಣ್ಣ ಬೆರಳಿಗೆ ಎಳೆ ಬೇಗ ಸಿಕ್ಕುತ್ತದೆ ಅನ್ನುತ್ತಿದ್ದರು. ನನಗೂ ಬೇಗ ಸಿಕ್ಕಿತು. ವಾರ ಕಳೆಯುವಷ್ಟರಲ್ಲಿ ಬೆರಳ ತುದಿ ಬೆಂದ ಬಟಾಣಿಯ ಸಿಪ್ಪೆಯ ಹಾಗೆ ಬಿಳಿಚಿ ಸುಲಿಯತೊಡಗಿತು. ಉಗುರಿನ ಸಂದಿಯಲ್ಲಿ ಹುಳದ ನಾತ ಕೂತುಬಿಟ್ಟಿತು. ತುತ್ತು ಬಾಯಿಗೆ ಬರುವ ಮುಂಚೆ ನಾತ ಮೂಗಿಗೆ ಬರುತ್ತಿತ್ತು. ಆದರೆ ಒಲೆಯ ಪಕ್ಕದ ನೆಲ ಬೆಚ್ಚಗಿತ್ತು. ಪ್ಲಾಟ್‌ಫಾರಂ ಮೇಲೆ ಮಲಗಿದವನಿಗೇ ಗೊತ್ತು, ಬೆಚ್ಚಗಿನ ನೆಲಕ್ಕೆ ಏನನ್ನೂ ಕೊಡಬಹುದು ಅಂತ. ನಾನು ಬೆರಳ ತುದಿ ಕೊಟ್ಟೆ.

ಶೆಡ್ಡಿನಲ್ಲಿ ನನ್ನ ಜೊತೆ ಮಾಗಡಿ ಕಡೆಯ ಅಣ್ಣತಮ್ಮಂದಿರು ಇಬ್ಬರಿದ್ದರು. ಅವರಿಗೆ ಪಕ್ಕದ ಬೀದಿಯಲ್ಲೇ ಅವ್ವ ಇದ್ದಳು, ಸಂಜೆ ಮನೆಗೆ ಹೋಗುತ್ತಿದ್ದರು. ಯಜಮಾನನ ಮಗ, ಮಗಳು, ತಂಗಿಯ ಮಗ, ಈ ಮೂವರೂ ಇಸ್ಕೂಲಿಗೆ ಮುಂಚೆ, ರಜೆ ಬಂದರೆ ದಿನವಿಡೀ, ನಮ್ಮ ಜೊತೆಗೇ ಬೇಸಿನ್ನಿಗೆ ಕೂರುತ್ತಿದ್ದರು. ಇದು ನನಗೆ ಬಹಳ ಹಿಡಿಸಿತ್ತು. ಮನೆಯ ಮಕ್ಕಳೂ ಬೇಯುತ್ತಾರೆ, ನಾನೂ ಬೇಯುತ್ತೇನೆ, ವ್ಯತ್ಯಾಸ ಎಲ್ಲಿ ಅಂತ.

ವ್ಯತ್ಯಾಸ ಒಂದು ಹೊಸ್ತಿಲಿನಷ್ಟಿತ್ತು. ಶೆಡ್ಡಿಗೂ ಮನೆಯ ಹಜಾರಕ್ಕೂ ನಡುವೆ ಒಂದು ಬಾಗಿಲು. ಅದರ ಆಚೆ ನಾವು ಕಾಲಿಡುವಂತಿರಲಿಲ್ಲ. ಬಂದ ಹೊಸದರಲ್ಲಿ ಮನೆಯ ಅಜ್ಜಿ ಆ ಹೊಸ್ತಿಲ ಮೇಲೆ ಕೂತು ನನ್ನನ್ನು ವಿಚಾರಿಸಿದಳು.

"ಯಾವ್ ಜನ್ವಪ್ಪ ನೀನು?"

"ಯಾವ್ದು ಬೇಕಜ್ಜಿ?" ಅಂದೆ. ನನಗೆ ನಿಜಕ್ಕೂ ಗೊತ್ತಿರಲಿಲ್ಲ. ಆದರೆ ಪ್ಲಾಟ್‌ಫಾರಂ ಮೇಲೆ ಎಲ್ಲಾ ಜಾತಿಯ ಮಾತೂ ಕೇಳಿದ್ದೆನಲ್ಲ, ಪೂಜಾರಪ್ಪನಿಂದ ಹಿಡಿದು ಚಪ್ಪಲಿ ಹೊಲಿಯುವ ತಾತನವರೆಗೂ ಒಬ್ಬೊಬ್ಬರಾಗಿ ಮಾಡಿ ತೋರಿಸಿದೆ. ಯಜಮಾನ ಹೊಟ್ಟೆ ಹಿಡಿದು ನಕ್ಕ. ಅವನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ಅಜ್ಜಿ ನಗಲಿಲ್ಲ. ಮಾರನೆಯ ದಿನದಿಂದ ನನ್ನ ಅಲ್ಯೂಮಿನಿಯಂ ತಟ್ಟೆ ಬೇರೆಯಾಗಿ ಸೌದೆಯ ಮೇಲೆ ಕೂತಿತು.

ಆದರೂ ಸಂಜೆಯಾದರೆ ಯಜಮಾನ್ತಿ ಅಕ್ಕ ಹೊಸ್ತಿಲ ಹತ್ತಿರ ಬಂದು, "ಲೋ, ಎದುರ್ ಮನೆಯವ್ಳು ನಲ್ಲಿ ತಾವ ಜಗಳ ಆಡಿದ್ದು ಒಸಿ ಮಾಡ್ಲಾ" ಅನ್ನುತ್ತಿದ್ದಳು. ನಾನು ಮಾಡುತ್ತಿದ್ದೆ. ಅವರು ಹೊಸ್ತಿಲ ಆ ಕಡೆ ನಗುತ್ತಿದ್ದರು, ನಾನು ಈ ಕಡೆ. ಅವರ ನಗು ದಾಟಿ ಬರುತ್ತಿತ್ತು, ಮುದ್ದೆಯೂ ದಾಟಿ ಬರುತ್ತಿತ್ತು. ಇನ್ನು ನಾನು ದಾಟುವುದು ಯಾವ ಮಹಾ ಅಂದುಕೊಂಡಿದ್ದೆ. ನನಗೆ ಬೇಕಾಗಿದ್ದದ್ದು ಅದೊಂದೇ, ಆ ಮನೆಯವನಾಗುವುದು. ನಿದ್ದೆ ಹತ್ತುವವರೆಗೂ ಅದನ್ನೇ ಲೆಕ್ಕ ಹಾಕುತ್ತಿದ್ದೆ.

ಮಾರ್ಕೆಟ್ಟಿಗೆ ಚೀಲ ಹೊರಲು ನನ್ನನ್ನು ಕರೆದುಕೊಂಡು ಹೋದ ದಿನ ಯಜಮಾನ ನಾಲ್ಕು ಜನರ ಮುಂದೆ ನನ್ನ ತಲೆಯ ಮೇಲೆ ಕೈಯಿಟ್ಟು, "ಇವ್ನು ನಮ್ ಉಡ್ಗ ಕಣ್ರಯ್ಯ, ನಿಮ್ಮನ್ನೆಲ್ಲಾ ಆಡಿ ತೋರಿಸ್ತಾನೆ" ಅಂದ. ನಾನು ಚೀಲ ಹೊತ್ತುಕೊಂಡೇ ಓಡಿ ಉದ್ದನೆಯವಳಿಗೆ ಹೇಳಿದೆ.

"ನಮ್ ಉಡ್ಗ ಅಂದ. ಎಲ್ರ್ ಮುಂದೆ ಅಂದ."

"ಸ್ಕೂಟ್ರಿಗೂ ನಮ್ ಗಾಡಿ ಅಂತಾನೆ" ಅಂದಳು ಅವಳು.

ಲೇಬರ್ ಆಫೀಸಿನ ಜೀಪಿನ ವಿಷಯ ಮೊದಲ ದಿನವೇ ಹೇಳಿದ್ದರು. ಹುಡುಗರನ್ನು ಕೆಲಸಕ್ಕೆ ಇಟ್ಟಿದ್ದಾರೋ ಅಂತ ನೋಡಲು ಆಗಾಗ ಬರುತ್ತಾರೆ. ಜೀಪು ಬೀದಿಗೆ ತಿರುಗಿತು ಅಂದರೆ ಮೊದಲ ಮನೆಯವರು ತಪ್ಪಲೆ ಬಡಿಯುತ್ತಾರೆ, ಅದನ್ನು ಕೇಳಿ ಎರಡನೆಯವರು, ಹಾಗೇ ಬೀದಿಗೆಲ್ಲ. ಆ ಬೀದಿಯಲ್ಲಿ ಮಗು ಆಟಕ್ಕೆ ತಪ್ಪಲೆ ಕುಟ್ಟಿದರೂ ಅದಕ್ಕೆ ಎರಡೇಟು ಬೀಳುತ್ತಿತ್ತು. ನಮ್ಮ ಯಜಮಾನನ ಅಪ್ಪಣೆ ಸ್ಪಷ್ಟವಾಗಿತ್ತು: "ತಪ್ಲೆ ಸದ್ದಾದ ತಕ್ಷಣ ಓಡ್ಬೇಕು. ಮನೆ ಉಡುಗ್ರು ಒಳಕ್ಕೆ, ಮಿಕ್ಕೋರು ಗ್ವಾಡೆ ಆಚೀಕೆ." ಹಜಾರದ ಗೋಡೆಯಲ್ಲಿ ಮೊಳೆಗಳಿಗೆ ಮೂರು ಇಸ್ಕೂಲು ಬ್ಯಾಗು ಸದಾ ನೇತಾಡುತ್ತಿದ್ದವು. ಮನೆಯ ಮಕ್ಕಳು ಒಳಗೆ ಓಡಿ, ಕೈ ಒರೆಸಿಕೊಂಡು, ಬ್ಯಾಗು ಬಿಚ್ಚಿ ಓದುತ್ತ ಕೂರಬೇಕು. ಮಿಕ್ಕವರು ಶೆಡ್ಡಿನ ಹಿಂದಿನ ಗೋಡೆ ಹಾರಿ, ಮೋರಿ ದಾಟಿ, ಜೀಪು ಹೋಗುವವರೆಗೂ ಮುಳ್ಳಿನ ಪೊದೆಯ ಹಿಂದೆ ಕೂರಬೇಕು.

ಅದು ದಸರಾ ರಜೆ. ಮಧ್ಯಾಹ್ನದ ಊಟದ ಹೊತ್ತು. ಯಜಮಾನನ ಮಗ ಮೊಸರು ತರಲು ಅಂಗಡಿಗೆ ಹೋಗಿದ್ದ, ಮಿಕ್ಕವರೆಲ್ಲ ಬೇಸಿನ್ನಿನ ಮುಂದೆ ಇದ್ದೆವು. ದೂರದಲ್ಲಿ ತಪ್ಪಲೆ ಸದ್ದಾಯಿತು. ಆಮೇಲೆ ಹತ್ತಿರ. ಆಮೇಲೆ ಪಕ್ಕದ ಮನೆಯಲ್ಲಿ.

ಮಾಗಡಿಯ ಅಣ್ಣತಮ್ಮಂದಿರು ಬೆಕ್ಕಿನ ಹಾಗೆ ಗೋಡೆ ಹಾರಿದರು. ಮನೆಯ ಹುಡುಗಿ, ಅವಳ ಅತ್ತೆಯ ಮಗ ಒಳಕ್ಕೆ ಓಡಿದರು. ನಾನು ಎರಡು ಓಟದ ನಡುವೆ ನಿಂತಿದ್ದೆ. ಒಂದು ಕ್ಷಣವೂ ಇರಲಾರದು. ನಾಲ್ಕು ಜನರ ಮುಂದೆ ನಮ್ ಉಡ್ಗ ಅಂದಿದ್ದ ಅಲ್ಲವೇ? ಗೋಡೆ ಹಾರಿದರೆ ಅಲ್ಲ ಅಂತ ನಾನೇ ಒಪ್ಪಿಕೊಂಡ ಹಾಗೆ. ನಾನು ಹೊಸ್ತಿಲು ದಾಟಿ ಒಳಕ್ಕೆ ಓಡಿದೆ.

ಹಜಾರದ ನೆಲ ಕೆಂಪು ಗಾರೆ, ತಣ್ಣಗಿತ್ತು. ಮಗನ ಬ್ಯಾಗು ಮೊಳೆಯಲ್ಲಿ ಉಳಿದಿತ್ತು. ಅದನ್ನು ಎಳೆದುಕೊಂಡು ಹುಡುಗಿಯ ಪಕ್ಕ ಕೂತೆ. ಅವಳು ಲಂಗ ಒತ್ತಿಕೊಂಡು ಸರಿದಳು. "ಏಯ್, ನೀನ್ಯಾಕ್ಲಾ!" ಅಂತ ಅಜ್ಜಿ ಬಾಯಿ ತೆಗೆಯುವುದಕ್ಕೂ ಆಫೀಸರು ಬಾಗಿಲಲ್ಲಿ ಚಪ್ಪಲಿ ಬಿಡುವುದಕ್ಕೂ ಸರಿಹೋಯಿತು. ಹಿಂದೆ ಒಬ್ಬ ಗುಮಾಸ್ತ. ಯಜಮಾನ ಕೈಮುಗಿದು ಪ್ಲಾಸ್ಟಿಕ್ ಕುರ್ಚಿ ಎಳೆಯುತ್ತಲೇ ನನ್ನನ್ನು ನೋಡಿದ. ಅವನ ಮುಖ ಬೇಸಿನ್ನಿನಲ್ಲಿ ಬೆಂದ ಹಾಗಾಯಿತು. ನಾನು ಅದನ್ನು ಗಾಬರಿ ಅಂದುಕೊಂಡೆ. ಹೆದರಬೇಡಿ ಯಜಮಾನ್ರೆ, ನಾನಿದ್ದೇನಲ್ಲ ಅಂದುಕೊಂಡೆ.

ನನಗೆ ಅಕ್ಷರ ಬರುತ್ತಿರಲಿಲ್ಲ. ಅದು ಬಂದದ್ದು ಎಷ್ಟೋ ವರ್ಷದ ಮೇಲೆ. ಆದರೆ ಓದುವ ಸದ್ದು ಬರುತ್ತಿತ್ತು. ಸ್ಟೇಷನ್ನಿನ ಹಿಂದೆ ಸರ್ಕಾರಿ ಶಾಲೆ ಇತ್ತಲ್ಲ, ಅದರ ಮಗ್ಗಿ ದಿನವೂ ನಮ್ಮ ನಿದ್ದೆ ಕೆಡಿಸುತ್ತಿತ್ತು. ಪುಸ್ತಕ ತೆರೆದು ಶುರು ಮಾಡಿದೆ. "ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು..." ಸುಮ್ಮನೆ ಹೇಳಲಿಲ್ಲ. ಮೇಷ್ಟರು ಮೊದಲು ಹೇಳಿದರು, ಮಕ್ಕಳು ಹಿಂದೆ ಎಳೆದರು, ಕೊನೆಯ ಬೆಂಚಿನವನೊಬ್ಬ ಎಲ್ಲರಿಗಿಂತ ಒಂದು ಹೆಜ್ಜೆ ತಡವಾಗಿ ಬಂದು ಮುಟ್ಟಿದ, ನಡುವೆ ಒಬ್ಬನಿಗೆ ಕೆಮ್ಮು. ಇಡೀ ತರಗತಿ ನನ್ನ ಗಂಟಲಲ್ಲಿ ಇತ್ತು. ಅದಕ್ಕಿಂತ ಚೆನ್ನಾಗಿ ನಾನು ಇವತ್ತಿನವರೆಗೂ ಯಾವ ಸ್ಟೇಜಿನ ಮೇಲೂ ಮಾಡಿಲ್ಲ. ಗುಮಾಸ್ತ ನಕ್ಕೇಬಿಟ್ಟ.

ಆಫೀಸರು ಬಗ್ಗಿ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು, ಹಿಂದೆ ಮುಂದೆ ತಿರುಗಿಸಿ, ನನ್ನ ಮುಖ ನೋಡಿದ.

"ಇಂಗ್ಲಿಷ್ ಪುಸ್ತಕದಲ್ಲಿ ಎರಡರ ಮಗ್ಗಿ ಎಲ್ಲಿಂದ ಬಂತೋ ಮರಿ?"

ಯಜಮಾನನ ಮಕ್ಕಳು ಹೋಗುತ್ತಿದ್ದದ್ದು ವ್ಯಾನು ಬಂದು ಕರೆದೊಯ್ಯುವ ಕಾನ್ವೆಂಟಿಗೆ. ಅಲ್ಲಿ ಮಗ್ಗಿಯನ್ನೂ ಇಂಗ್ಲಿಷಿನಲ್ಲೇ ಹೇಳಿಸುತ್ತಾರೆ ಅಂತ ಸ್ಟೇಷನ್ನಿನಲ್ಲಿ ಮಲಗುವವನಿಗೆ ಯಾರು ಹೇಳಬೇಕು?

"ಯಾರ ಮಗ ಇವನು?" ಆಫೀಸರು ಯಜಮಾನನ ಕಡೆ ತಿರುಗಿದ.

ಯಜಮಾನ ಕಿರುಬೆರಳು ಕಿವಿಗೆ ಹಾಕಿದ. ಅಜ್ಜಿಗೇ ಮೊದಲು ಮಾತು ಬಂತು. "ಯಾವೋನೋ ಏನೋ ಸಾಮಿ, ತಿರುಪೆಯೋನು. ಬಾಕ್ಲು ತೆಗ್ದಿತ್ತು, ನುಗ್ಬುಟ್ಟ."

ಅಷ್ಟರಲ್ಲಿ ಮಗ ಮೊಸರಿನ ಪೊಟ್ಟಣ ಹಿಡಿದು ಬಂದ. ನನ್ನನ್ನು ನೋಡಿ ಹೌಹಾರಿ, "ಅಪ್ಪಾ! ನನ್ ಬ್ಯಾಗು!" ಅಂತ ಕಿರುಚಿದ.

ಯಜಮಾನನಿಗೆ ದಾರಿ ಸಿಕ್ಕಿತು. "ಕಳ್ಳ ನನ್ ಮಗ್ನೇ" ಅಂತ ಬಂದು ಕೆನ್ನೆಗೆ ಬಿಟ್ಟ. ಕಿವಿಯಲ್ಲಿ ಜೀರುಂಡೆ ಕೂಗಿತು. ಇನ್ನೊಂದು ಬಿಡುವಷ್ಟರಲ್ಲಿ ಆಫೀಸರು ಅಡ್ಡ ಕೈಯಿಟ್ಟು, ನನ್ನ ಕೈಗಳನ್ನು ಹಿಡಿದು, ಬೆಳಕಿಗೆ ಎತ್ತಿ ನೋಡಿದ. ಬಿಳಿಚಿದ, ಸುಲಿದ, ನಾರುವ ಬೆರಳುಗಳು. ಆ ಊರಿನಲ್ಲಿ ಆ ಕೈ ಯಾವ ಕೆಲಸದ್ದು ಅಂತ ಹುಟ್ಟುಕುರುಡನೂ ಹೇಳುತ್ತಾನೆ.

"ಕೈ ಯಾಕೋ ಹಿಂಗಾಗಿದೆ?"

ಯಜಮಾನನ ಹೆಂಡತಿ ಅಡಿಗೆಮನೆಯ ಬಾಗಿಲಲ್ಲಿ ಕಂಬ ಹಿಡಿದು ನಿಂತಿದ್ದಳು. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಅಲ್ಲಿಯವರೆಗೆ ಎಷ್ಟೋ ಜನ ನನ್ನ ಬಾಯಿ ನೋಡಿದ್ದರು, ಹಾಗೆ ಯಾರೂ ನೋಡಿರಲಿಲ್ಲ. ಇಲ್ಲೇ ಕೆಲಸ ಮಾಡ್ತೀನಿ ಸಾರ್ ಅಂದರೆ ಆ ಮನೆ ಬೀದಿಗೆ ಬೀಳುತ್ತದೆ ಅಂತ ನನಗೆ ಗೊತ್ತಿತ್ತು. ಕನಿಷ್ಠ ಹಾಗಂತ ನಂಬಿದ್ದೆ. ಮನೆಯ ಮಗ ಆದವನು ಇಂಥ ಹೊತ್ತಿನಲ್ಲಿ ಏನು ಮಾಡುತ್ತಾನೆ? ಮನೆ ಉಳಿಸುತ್ತಾನೆ. ನಾನು ಕುಂಟನ ದನಿ ತೆಗೆದೆ. ಪ್ಯಾಸೆಂಜರ್ ರೈಲಿನಲ್ಲಿ ಹೆಂಗಸರ ಕಣ್ಣಲ್ಲಿ ನೀರು ತರಿಸುವ ದನಿ ಅದು.

"ಒಟ್ಟೆ ಅಸ್ದಿತ್ತು ಸಾ. ಕದಿಯಾಕೆ ಬಂದೆ ಸಾ. ಮೋರಿಲಿ ಪ್ಲಾಸ್ಟಿಕ್ ಆಯ್ದೂ ಆಯ್ದೂ ಕೈಯಿ ಇಂಗಾಗೈತೆ ಸಾ. ಇವ್ರನ್ನ ನಾನು ನೋಡೇ ಇಲ್ಲ ಸಾ." ಒಂದು ಕಾಲು ಎಳೆದು ತೋರಿಸಿದೆ. ಅದು ಬೇಕಾಗಿರಲಿಲ್ಲ.

ಹುಡುಗಿ ಕಿಸಕ್ಕನೆ ನಕ್ಕಳು.

ಆಫೀಸರು ನನ್ನ ಕೈ ಬಿಟ್ಟ, ತನ್ನ ಕೈಯನ್ನು ಕರ್ಚೀಫಿನಲ್ಲಿ ಒರೆಸಿಕೊಂಡ. "ಕದಿಯೋಕೆ ಬಂದೋನು ಕೂತ್ಕೊಂಡು ಮಗ್ಗಿ ಹೇಳ್ತಾನೇನ್ರೀ?" ಅಂತ ಗುಮಾಸ್ತನನ್ನು ಕೇಳಿದ. ಗುಮಾಸ್ತ ನಕ್ಕ. ಯಜಮಾನನೂ ನಕ್ಕ. ಅಜ್ಜಿಯೂ ನಕ್ಕಳು, ಮೊದಲ ಸಲ. "ನಾಲ್ಕು ಬಿಗಿದು ಕಳಿಸ್ರೀ ಆಚೆಗೆ" ಅಂದ ಆಫೀಸರು. ಒಳಗಿನಿಂದ ಕಾಫಿ ಬಂತು.

ಯಜಮಾನ ನನ್ನನ್ನು ಬೀದಿಯ ಮೆಟ್ಟಿಲಿಗೆ ಎಳೆದು ತಂದು ಪೊರಕೆ ಹಿಡಿಯಿಂದ ಬಾರಿಸಿದ. ನಾಲ್ಕಲ್ಲ, ಕೈ ಸೋಲುವವರೆಗೂ. ಅಕ್ಕಪಕ್ಕದವರು ಹೊರಗೆ ಬಂದು ನೋಡಿದರು. ನಾನು ಬಹಳ ಚೆನ್ನಾಗಿ ಅರಚಿದೆ. ಅದು ನಾಟಕ ಅಂತ ಅವನಿಗೂ ಗೊತ್ತು, ನನಗೂ ಗೊತ್ತು ಅಂದುಕೊಂಡಿದ್ದೆ. ಏಟು ಏಟಿಗೂ ಅವನ ಕಣ್ಣು ಹುಡುಕಿದೆ, ಒಂದು ಸನ್ನೆ ಸಿಕ್ಕೀತೇನೋ ಅಂತ. ಅವನು ಬೆನ್ನನ್ನೇ ನೋಡುತ್ತಿದ್ದ.

ಎದುರು ಮನೆಯ ಜಗುಲಿಯ ಮೇಲೆ ಕೂತು ಕಾದೆ. ಜೀಪು ಹೋಯಿತು. ಈಗ ಕರೆಯುತ್ತಾರೆ ಅಂದುಕೊಂಡೆ. ಅಜ್ಜಿ ಒಂದು ಬಿಂದಿಗೆ ನೀರು ತಂದು ಹಜಾರದಲ್ಲಿ ನಾನು ಕೂತಿದ್ದ ಜಾಗಕ್ಕೆ ಸುರಿದು, ಪೊರಕೆಯಲ್ಲಿ ನೂಕಿ, ನೀರನ್ನು ಬಾಗಿಲಿನಿಂದ ಬೀದಿಗೆ ಬಿಟ್ಟಳು. ಇನ್ನೊಂದು ಬಿಂದಿಗೆ ತಂದಳು. ಮಗನ ಬ್ಯಾಗನ್ನು ಬಿಚ್ಚಿ, ಕೊಡವಿ, ಕಾಂಪೌಂಡಿನ ಮೇಲೆ ಬಿಸಿಲಿಗೆ ಹಾಕಿದಳು. ನೀರು ಬೀದಿಯಲ್ಲಿ ಹರಿದು ನನ್ನ ಕಾಲಿನವರೆಗೂ ಬಂತು.

ಯಜಮಾನ ಬಾಯಿ ಮುಕ್ಕಳಿಸುತ್ತ ಹೊರಗೆ ಬಂದವನು ನನ್ನನ್ನು ನೋಡಿ ನೀರು ಉಗಿದ.

"ಇನ್ನೂ ಇಲ್ಲೇ ಇದ್ದೀಯೇನ್ಲಾ? ಒಳಕ್ ಯಾಕ್ಲಾ ಬಂದೆ?"

"ಓಡು ಅಂದಿದ್ರಲ್ಲ ಯಜಮಾನ್ರೆ."

"ಮನೆ ಉಡುಗ್ರು ಒಳಕ್ಕೆ ಅಂದಿದ್ದೆ. ನೀನ್ ಗ್ವಾಡೆ ಆಚೀಕ್ ಓಗೋನು. ಅಷ್ಟೂ ಗೊತ್ತಾಗಕಿಲ್ವಾ?"

"ನಾನು ನಿಮ್ಮನ್ನ ಉಳಿಸ್ದೆ" ಅಂದೆ. "ಕೆಲ್ಸ ಮಾಡ್ತೀನಿ ಅಂತ ಯೋಳ್ಲಿಲ್ಲ."

"ನೀನೇನ್ಲಾ ಉಳ್ಸೋದು? ಅವ್ನ್ ಬಂದಿದ್ದೇ ದಸರಾ ಮಾಮೂಲಿಗೆ. ವರ್ಸಾ ವರ್ಸಾ ಬತ್ತಾನೆ, ಇಸ್ಕತ್ತಾನೆ, ಕಾಫಿ ಕುಡೀತಾನೆ, ಓಯ್ತಾನೆ. ನೀನ್ ನುಗ್ಗಿದ್ದಕ್ಕೆ ಇವತ್ತು ಒಸಿ ಜಾಸ್ತಿ ಕಿತ್ಕಂಡೋದ. ಅಲ್ವಾ ಮತ್ತೆ. ಏಳು, ನಾಳೆ ಸಂದಿ ಕಡೆಯಿಂದ ಬಾ. ಎಳೆ ಚೆಂದಾಗಿ ಇಡೀತೀಯ, ಅದ್ಕೆ ಬುಡ್ತಾ ಇವ್ನಿ."

ಆಗ ನನಗೆ ಅಳು ಬಂತು. ಏಟು ಬಿದ್ದಾಗ ಬಂದದ್ದಲ್ಲ ಇದು. ಇದು ಬೇರೆ ಎಲ್ಲಿಂದಲೋ 'ಹ್ಹೆ ಹ್ಹೆ' ಅಂತ, ಹರಿದ ಹಾರ್ಮೋನಿಯಂನಿಂದ ಗಾಳಿ ಹೋಗುವ ಹಾಗೆ ಬಂತು. ನಡುವೆ ಬಿಕ್ಕಳಿಕೆ. "ನಾನು ನಿಮ್ ಉಡ್ಗ ಅಲ್ವಾ?" ಅಂತ ಕೇಳಲು ಹೋದೆ, ಮಾತು ಅರ್ಧಕ್ಕೆ ಮುರಿದು ಕೀರಲಾಗಿ ಹೊರಬಿತ್ತು. ನನ್ನ ದನಿ ಅಂತ ಒಂದು ಇದೆ, ಅದು ಹೀಗಿದೆ ಅಂತ ನನಗೇ ಗೊತ್ತಿರಲಿಲ್ಲ.

ಯಜಮಾನ ಒಂದು ಗಳಿಗೆ ಬೆರಗಾಗಿ ನೋಡಿದ. ಆಮೇಲೆ ಮುಖ ಅರಳಿತು.

"ಇದ್ಯಾರ್ದ್ಲಾ ಇದು? ಯಾರ್ ಥರ ಮಾಡ್ತಿದ್ದೀಯ?" ಅಂತ ಮನೆಯ ಕಡೆ ತಿರುಗಿ ಕೂಗಿದ. "ಏಯ್, ಬಾಮ್ಮಿ ಇಲ್ಲಿ! ಎಲ್ರೂ ಬನ್ನಿ ಒಸಿ! ನನ್ ಮಗ ಒಸದು ಕಲ್ತವ್ನೆ!"

ಯಜಮಾನ್ತಿ ಅಕ್ಕ ಕೈ ಒರೆಸಿಕೊಳ್ಳುತ್ತ ಬಂದಳು. ಮೂವರು ಮಕ್ಕಳೂ ಬಂದರು. ಅಜ್ಜಿ ಪೊರಕೆ ಹಿಡಿದೇ ಬಾಗಿಲಿಗೆ ಬಂದು ನಿಂತಳು. ಮಾಗಡಿಯ ಹುಡುಗರು ಮುಳ್ಳು ಕಿತ್ತುಕೊಳ್ಳುತ್ತ ಸಂದಿಯಿಂದ ಇಣುಕಿದರು. ಎಲ್ಲರೂ ಒಟ್ಟಿಗೆ ನನ್ನನ್ನು ನೋಡಿದರು. ಯಾರ ಮುಖದಲ್ಲೂ ಕೋಪ ಇರಲಿಲ್ಲ.

"ಮಾಡ್ಲಾ" ಅಂದಳು ಅಕ್ಕ, ಆಗಲೇ ನಗುತ್ತ.

ಕಣ್ಣು ಒರೆಸಿಕೊಂಡೆ, ಉಸಿರು ಎಳೆದುಕೊಂಡೆ, ಮಾಡಿದೆ. ಬಿಕ್ಕಳಿಕೆ ಎಲ್ಲಿ ಬರಬೇಕು ಅಂತ ಈ ಸಲ ಗೊತ್ತಿತ್ತು. ಅವರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು.